ಬೆನ್ನು ತೋರಿಸದವರು

ಹುಡುಗಿಯರ ಹಾಸ್ಟೆಲ್, ಚಂಡೀಗಢ
ನವೆಂಬರ್ 18, 2002

ಆಚೋ ನುರ್ಬೂಗೆ, ಜುಲೇ.

ಮೊದಲೇ ಕ್ಷಮಿಸಿಬಿಡು. ನಾನು ಬರೆಯಬೇಕಾದವಳೇ ಅಲ್ಲ. ಹೊರಡುವ ದಿನ ಬಸ್ಸಿನ ಮೆಟ್ಟಿಲ ಮೇಲೆ ನಿಂತು "ಈ ಸಗಣಿ ಹೊಗೆಯ ಊರಿಗೆ ಇನ್ನು ಕಾಲಿಡಲ್ಲ, ಕಾಗದಾನೂ ಹಾಕಲ್ಲ" ಅಂತ ಕೂಗಿದವಳು ಈಗ ಯಾವ ಮುಖ ಇಟ್ಟುಕೊಂಡು ಬರೆಯಲಿ? ಅದೂ ನಮ್ಮ ಲಿಪಿಯಲ್ಲಿ. ಆರನೇ ವಯಸ್ಸಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದವಳ ಕೈಯಲ್ಲಿ ಅಕ್ಷರಗಳು ಹೆಪ್ಪುಗಟ್ಟಿದ ಹೊಳೆಯ ಮೇಲೆ ಜಾರಿದ ಕತ್ತೆಗಳ ಹಾಗೆ ಬಿದ್ದಿವೆ. ನಡುವೆ ಇಂಗ್ಲಿಷ್ ಪದ ಸಿಕ್ಕಿದರೆ ಅಬಿಗೆ ಓದಿ ಹೇಳುವಾಗ ನುಂಗಿಬಿಡು. ಇಲ್ಲದಿದ್ದರೆ ಅಜ್ಜಿ ಅಂತ ಇರುವವಳು ಅವಳೊಬ್ಬಳು, ಅವಳೂ ನನ್ನನ್ನು ಆಡಿಕೊಳ್ಳುತ್ತಾಳೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಚಳಿ ನಮ್ಮದರ ಕಾಲ್ಧೂಳಿಗೂ ಸಮ ಅಲ್ಲ, ಆದರೆ ಒದ್ದೆ ಚಳಿ. ಮಂಜು ಕಿಟಕಿಗೆ ಬಂದು ಕೂತರೆ ಎದುರಿನ ನೀರಿನ ಟ್ಯಾಂಕೂ ಕಾಣೋದಿಲ್ಲ. ನನ್ನ ರೂಮಿನ ಜಸ್ಲೀನ್ ಮೊದಲ ದಿನವೇ ಕೇಳಿದಳು: "ನಿಮ್ಮೂರಲ್ಲಿ ಮನೆ ಐಸಲ್ಲಿ ಕಟ್ತಾರಾ?" ನಾನು "ಹೂಂ, ಬೇಸಿಗೇಲಿ ಕುಡ್ಕೊಂಡ್ಬಿಡ್ತೀವಿ" ಅಂದೆ. ನಂಬಿದಳು.

ಅದಿರಲಿ. ಒಂದು ಎಡವಟ್ಟು ಮಾಡಿಕೊಂಡಿದ್ದೇನೆ. ಕಾಲೇಜಿನ ಫೋಟೋಗ್ರಫಿ ಕ್ಲಬ್ಬಿನಲ್ಲಿ ಎಲ್ಲರೂ ತಮ್ಮ ತಮ್ಮ ಬಗ್ಗೆ ಹೇಳುತ್ತಿದ್ದರು. ನನ್ನ ಸರದಿ ಬಂದಾಗ ಬಾಯಿಗೆ ಬಂದದ್ದು ಹೇಳಿದೆ: "ನಮ್ಮ ಆಚೋ, ನಮ್ಮಣ್ಣ, ಹಿಮಚಿರತೆಯ ಫೋಟೋ ತೆಗೀತಾನೆ." ಏಪ್ರಿಲ್ಲಿನ ಪ್ರದರ್ಶನಕ್ಕೆ ತಾ ಅಂತಿದ್ದಾರೆ. ನೀನು ರೋಲ್ ಕಳಿಸು, ಇಲ್ಲಿ ತೊಳೆಸಿ ಪ್ರಿಂಟ್ ಹಾಕಿಸಿ ಒಂದು ಪ್ರತಿ ನಿನಗೂ ಕಳಿಸುತ್ತೇನೆ.

ನಿನ್ನ ಯಾಂಗ್ಡೋಲ್

*

ಚುರ್ಮಾಕ್, ಲಡಾಖ್
ಡಿಸೆಂಬರ್ 9, 2002

ಇಂಗ್ಲಿಷ್ ಮೇಡಮ್ಮನವರಿಗೆ ನುರ್ಬೂ ಎಂಬ ಸಗಣಿ ಹೊಗೆಯವನ ದೊಡ್ಡ ನಮಸ್ಕಾರ.

ನೋಮೋ, ನನ್ನ ತಂಗಮ್ಮ, ನಿನ್ನ ಕಾಗದ ವಿಮಾನದಲ್ಲಿ ಲೇಹ್‌ಗೆ ಬಂದು, ಅಲ್ಲಿಂದ ಊರ ಶಾಲೆಯ ಮಾಸ್ತರರ ಚೀಲದಲ್ಲಿ ಬಂತು. ಅಬಿಗೆ ಓದಿದೆ. ಐಸ್ ಮನೆ ಮಾತಿಗೆ ಕೆಮ್ಮು ಬರುವಷ್ಟು ನಕ್ಕಳು. "ನಿನ್ನ ತಂಗಿ ಆ ಹುಡುಗೀನ ಯಾಮಾರಿಸ್ಕೊಂಡು ಕೂತಿದಾಳೆ, ತಾನೇ ಹೆದರಿರ್ತಾಳೆ" ಅಂದಳು. ನಿಜವೇನೇ?

ಲೋಸರ್ ಹಬ್ಬ ಮುಗಿಯಿತು. ಅಡುಗೆಮನೆಯ ತೊಲೆಗೆ ಹಿಟ್ಟಿನಲ್ಲಿ ಕಾಡುಮೇಕೆ ಬರೆದದ್ದು ಈ ಸಲ ನಾನು. "ಇದೇನೋ, ನಾಯಿಗೆ ಕೊಂಬು ಬಂದ ಹಾಗಿದೆ" ಎಂದು ಅಬಿಯ ಪ್ರಶಸ್ತಿ ಸಿಕ್ಕಿತು. ನಮ್ಮ ಚಮರಿ ಎತ್ತು ನನ್ನ ಗೊಂಚಾದ ಬೆನ್ನಿಗೆ ಕೊಂಬು ಹಾಕಿ ಹರಿಯಿತು. ಉಣ್ಣೆ ನಿಲುವಂಗಿ ಬೇರೆ ಇಲ್ಲ. ಅಬಿ ನಿನ್ನ ಹಳೇ ಸ್ಕೂಲ್ ಸ್ಕರ್ಟು ಕತ್ತರಿಸಿ ನೀಲಿ ತೇಪೆ ಹಾಕಿದಳು. ಊರೆಲ್ಲ ನಗುತ್ತೆ. "ನಗಲಿ ಬಿಡು, ಹಿಂದಿನಿಂದ ನೋಡಿದ್ರೂ ನನ್ನ ಮೊಮ್ಮಗ ಅಂತ ಗೊತ್ತಾಗ್ಬೇಕು" ಅಂತಾಳೆ.

ನಿನ್ನ ಎಡವಟ್ಟು ನನಗೆ ಲಾಭ. ಬೇಸಿಗೆಗೆ ಹೊರದೇಶದ ಒಂದು ತಂಡ ಶನ್ ಹುಡುಕಿಕೊಂಡು ಬರುತ್ತದಂತೆ. ನಿನಗೆ ನೆನಪಿದೆಯಲ್ಲ, ಶನ್ ಅಂದರೆ ನಿನ್ನ ಹಿಮಚಿರತೆ? ಚಳಿಗಾಲದಲ್ಲಿ ಅದರ ಮುಖದ ಫೋಟೋ ತೆಗೆದು ತೋರಿಸಿದವನನ್ನೇ ದಾರಿ ತೋರಿಸಲು ಇಟ್ಟುಕೊಳ್ಳುತ್ತಾರೆ. ಸಿಕ್ಕರೆ ನಾನು ರಸ್ತೆಗೆ ಜಲ್ಲಿ ಹೊರುವ ಕೆಲಸಕ್ಕೆ ಹೋಗಬೇಕಿಲ್ಲ, ಇಲ್ಲೇ ಅಬಿಯ ಹತ್ತಿರ ಇರಬಹುದು. ಹಾಗಾಗಿ ದಿನಾ ಮೇಲಿನ ಕಮರಿಗೆ ಹೋಗುತ್ತೇನೆ. ಅದು ಬಂಡೆಗೆ ಉಚ್ಚೆ ಹೊಯ್ದು ಹೋದ ವಾಸನೆ ಸಿಗುತ್ತದೆ, ಹೆಜ್ಜೆ ಸಿಗುತ್ತದೆ, ಬಾಲ ಎಳೆದ ಗೆರೆ ಸಿಗುತ್ತದೆ. ಅದು ಮಾತ್ರ ಸಿಗುವುದಿಲ್ಲ.

ಮೊದಲ ರೋಲ್ ಕಳಿಸಿದ್ದೇನೆ. ಪ್ರವಾಸಕ್ಕೆ ಬಂದಿದ್ದ ಫ್ರಾನ್ಸಿನ ಮುದುಕಿ ಬಿಟ್ಟುಹೋದ ಅದೇ ಹಳೇ ಕ್ಯಾಮೆರಾ. ರಜಕ್ಕೆ ಬಂದಾಗ ಮುಂದಿನ ಪುಟ್ಟ ಕಡ್ಡಿ ಮುರಿದೆಯಲ್ಲ ಮಾರಾಯ್ತಿ, ಅಂದಿನಿಂದ ಅದು ತಾನಾಗಿ ಫೋಟೋ ತೆಗೆಯೋದಿಲ್ಲ, ಯಾರಾದರೂ ಗುಂಡಿ ಒತ್ತಲೇಬೇಕು. ಅದಕ್ಕೇ ಯಾವ ಫೋಟೋದಲ್ಲೂ ನಾನಿಲ್ಲ. ಜಗತ್ತಿಗೆ ನಷ್ಟ.

ಆಚೋ

*

ಚಂಡೀಗಢ
ಡಿಸೆಂಬರ್ 28, 2002

ಆಚೋ,

ರೋಲ್ ತೊಳೆಸಿದೆ. ಸ್ಟುಡಿಯೋದ ಬನ್ಸಲ್ ಅಂಕಲ್ ಕನ್ನಡಕ ಮೇಲೆತ್ತಿ ನೋಡಿ, "ಯಾರಮ್ಮ ತೆಗೆದಿದ್ದು? ಕೈ ನಡುಗಿಲ್ಲ" ಅಂದರು. ನನಗೇ ಬಹುಮಾನ ಬಂದ ಹಾಗಾಯಿತು. ಹೆಜ್ಜೆಗಳು ಎಷ್ಟು ಸ್ಪಷ್ಟವಾಗಿವೆ ಅಂದರೆ ಬೆರಳಿಟ್ಟರೆ ತಣ್ಣಗಿರುತ್ತವೇನೋ ಅನ್ನಿಸುತ್ತದೆ. ಕಾಡುಮೇಕೆಗಳು ಇಳಿಜಾರಿನಲ್ಲಿ ಮೂತಿಯಿಂದ ಹಿಮ ಸರಿಸಿ ಹುಲ್ಲು ಹುಡುಕುತ್ತಿರುವುದು ನನಗೆ ತುಂಬಾ ಇಷ್ಟವಾಯಿತು. ಎಲ್ಲದರ ಮೂಗಿನ ಮುಂದೂ ಉಸಿರಿನ ಹೊಗೆ.

ಕೆಲವದರ ಮೇಲೆ ಮಿಂಚಿನ ಹಾಗೆ ಗೀಟುಗಳು ಬಿದ್ದಿವೆ. ಒಣ ಚಳಿಯಲ್ಲಿ ರೋಲನ್ನು ರಭಸವಾಗಿ ತಿರುಗಿಸಿದರೆ ಒಳಗೇ ಕಿಡಿ ಹಾರುತ್ತದಂತೆ. ಮೆಲ್ಲಗೆ ತಿರುಗಿಸು. ಕ್ಯಾಮೆರಾವನ್ನು ಒಲೆ ಮುಂದೆ ತರಬೇಡ, ಗಾಜು ಬೆವರುತ್ತದೆ.

ಇನ್ನೂ ಹತ್ತಿರ ಹೋಗಬಹುದೇ? ಕ್ಲಬ್ಬಿನವರಿಗೆ ಹೆಜ್ಜೆ ಸಾಲದು, ಮುಖ ಬೇಕು. ನನ್ನ ಓದು ಚೆನ್ನಾಗಿ ನಡೆದಿದೆ. ಊಟವೂ ಸೇರುತ್ತದೆ. ಅಬಿಗೆ ಹೇಳು, ನಾನೇನೂ ಹೆದರಿಲ್ಲ.

ಯಾಂಗ್ಡೋಲ್

*

ಚುರ್ಮಾಕ್
ಜನವರಿ 13, 2003

ನೋಮೋ,

ಹೊಳೆ ತಳದವರೆಗೂ ಕಟ್ಟಿದೆ. ಕೊಡಲಿಯಲ್ಲಿ ನೀರು ಕಡಿದು ಮೂಟೆಯಲ್ಲಿ ತರುತ್ತೇವೆ. ಕಮರಿಯಲ್ಲಿ ಬಿಸಿಲು ಬರುವುದು ನೆಂಟರ ಹಾಗೆ, ಬಂದೆ ಅನ್ನುತ್ತಲೇ ಹೋಗುತ್ತದೆ. ಆದರೆ ಸುದ್ದಿ ಕೇಳು. ನನಗೊಬ್ಬರು ಜೊತೆ ಸಿಕ್ಕಿದ್ದಾರೆ!

ಕಮರಿ ಎರಡಾಗಿ ಸೀಳುವ ಕಡೆ ಕೂತಿದ್ದೆ. ತಲೆ ಎತ್ತಿದರೆ ಎದುರಿನ ಬಂಡೆ ಮೇಲೆ ಒಬ್ಬ ಲಾಮಾ. ಕೆಂಪು ಬಟ್ಟೆ, ಒಂದು ತೋಳು ಬರಿದು. ಇಂಥ ಚಳಿಯಲ್ಲಿ ಬರಿದು! ನನ್ನ ಹುಬ್ಬಿನ ಮೇಲೆಲ್ಲ ಮಂಜು ಕಟ್ಟಿತ್ತು, ಅವರ ಮುಖ ಬೆಣ್ಣೆಯ ಹಾಗಿತ್ತು. ಗುಹೆಯಲ್ಲಿ ಕೂತು ಒಳಗಿನ ಶಾಖ ಎಬ್ಬಿಸುವವರು ಇರುತ್ತಾರಲ್ಲ, ಆ ಪೈಕಿ ಅಂದುಕೊಂಡೆ. "ಎಲ್ಲಿಗೆ ಹೊರಟಿರಿ?" ಅಂತ ರೂಢಿಯಂತೆ ಕೇಳಿದೆ. "ನಿನ್ನ ಕಡೆಗೇ" ಅಂದರು. ನಕ್ಕೆ. ಅವರೂ ನಕ್ಕರು, ಸ್ವಲ್ಪ ತಡವಾಗಿ.

ನೋಮೋ, ಅವರಿಗೆ ಶನ್ ಎಲ್ಲಿದೆ ಅಂತ ಗೊತ್ತು. ಬೆರಳು ತೋರಿಸಿದರು, ನೋಡಿದೆ, ಬರೀ ಕಲ್ಲು. ಆಮೇಲೆ ಒಂದು ಕಲ್ಲು ಬಾಲ ಸುತ್ತಿಕೊಂಡಿತು! ದೂರ ಇತ್ತು, ಆದರೂ ತೆಗೆದೆ. ಕಾಡುಮೇಕೆಗಳು ಅವರ ಪಕ್ಕದಲ್ಲೇ ಮೇಯುತ್ತವೆ, ಕಿವಿ ಸಹ ನಿಮಿರಿಸುವುದಿಲ್ಲ. ಮೇಕೆಗಳ ನಡುವೆ ನಿಂತ ಅವರ ಫೋಟೋ ತೆಗೆಯಲೇ ಅಂದೆ. "ತೆಗಿ, ತೆಗಿ. ನನಗೂ ಒಂದು ಮುಖ ಬೇಕು" ಅಂದರು.

ಅದಕ್ಕಿಂತ ಅವರ ವಿನಯ ನೋಡಬೇಕು ನೀನು. ದೊಡ್ಡ ಗುರುಗಳ ಮುಂದಿನಿಂದ ಏಳುವಾಗ ನಾವು ಬೆನ್ನು ತೋರಿಸದೆ ಹಿಂದಹಿಂದಕ್ಕೆ ಹೆಜ್ಜೆ ಇಟ್ಟು ಬರುತ್ತೇವಲ್ಲ, ಹಾಗೆ ಹೋದರು. ನನಗೆ! ಜಲ್ಲಿ ಹೊರುವವನಿಗೆ! ಆ ಕಡಿದಾದ ಹಿಮದಲ್ಲಿ ನನ್ನನ್ನೇ ನೋಡುತ್ತ, ಒಂದು ಸಲವೂ ಹಿಂದೆ ತಿರುಗದೆ, ಬೆಟ್ಟದ ಏಣಿನ ಆಚೆಗೆ ಇಳಿದುಬಿಟ್ಟರು. ದಿನಾ ಹಾಗೇ ಹೋಗುತ್ತಾರೆ.

ಅಬಿಗೆ ಹೇಳಿದೆ. ಚಹಾದ ಬಟ್ಟಲು ಕೆಳಗಿಟ್ಟು, "ಬೆನ್ನು ನೋಡಿದ್ಯಾ?" ಅಂದಳು.

"ಅವರಷ್ಟು ಮರ್ಯಾದೆಯವರು ಅಬಿ, ಬೆನ್ನೆಲ್ಲಿ ತೋರಿಸ್ತಾರೆ? ಮುಖವೇ ಚೆನ್ನಾಗಿದೆ."

"ಮುಖ ಎಲ್ಲರಿಗೂ ಇರುತ್ತೆ ಕಣೋ" ಅಂದಳು. ಆಮೇಲೆ ನೋಡಿದರೆ ಈ ಚಳಿಯಲ್ಲಿ ಕೆಮ್ಮಣ್ಣು ಕಲಸಿಕೊಂಡು ಮನೆಯ ನಾಲ್ಕು ಮೂಲೆಗೂ ಹೊಸದಾಗಿ ಬಳಿಯುತ್ತಿದ್ದಾಳೆ. ವಯಸ್ಸಾಯಿತು.

ಎರಡನೇ ರೋಲ್ ಇದರ ಜೊತೆಗಿದೆ. ಲಾಮಾ ಹೇಗೆ ಬಂದಿದ್ದಾರೆ ಬರೆ.

ಆಚೋ

*

ಚಂಡೀಗಢ
ಜನವರಿ 30, 2003

ಆಚೋ ಕಳ್ಳ,

ನೀನು ಎಂಥ ನಾಟಕದವನು! ಲಾಮಾ ಲಾಮಾ ಅಂತ ಅಷ್ಟು ಬರೆದು, ರೋಲ್ ತೊಳೆಸಿದರೆ ಎಲ್ಲದರಲ್ಲೂ ನೀನೇ! ಮೇಕೆಗಳ ನಡುವೆ ನೀನು, ಬಂಡೆ ಮೇಲೆ ನೀನು, ಏಣಿನ ತುದಿಯಲ್ಲಿ ನೀನು. ಕ್ಯಾಮೆರಾ ಅವರ ಕೈಗೆ ಕೊಟ್ಟು ಮದುಮಗನ ಹಾಗೆ ನಿಂತಿದ್ದೀಯ. ಬನ್ಸಲ್ ಅಂಕಲ್ "ನಿಮ್ಮಣ್ಣನಿಗೆ ಚಿರತೆಗಿಂತ ಅವನ ಮುಖದ ಮೇಲೆ ಪ್ರೀತಿ ಜಾಸ್ತಿ" ಅಂದರು. ನಾಚಿಕೆಯಾಯಿತು ನನಗೆ.

ಒಂದು ಮಾತ್ರ ತಿಳಿಯಲಿಲ್ಲ. ಮೇಕೆಗಳ ಉಸಿರೆಲ್ಲ ಹೊಗೆಯಾಡುತ್ತಿದೆ, ನಿನ್ನ ಬಾಯಿ ಮುಂದೆ ಏನೂ ಇಲ್ಲ. ನಗುವಾಗಲೂ ಉಸಿರು ಬಿಗಿಹಿಡಿದೆಯಾ? ಫೋಟೋಗೆ ಅಷ್ಟೊಂದು ಶಿಸ್ತೇ? ನೀಲಿ ತೇಪೆ ನೋಡಬೇಕು ಅಂತ ಹುಡುಕಿದೆ, ಒಂದರಲ್ಲೂ ನೀನು ತಿರುಗಿಲ್ಲ.

ಬೆನ್ನು ತೋರಿಸದೆ ಹೋಗುವ ನಿನ್ನ ಲಾಮಾರ ಕಥೆಯನ್ನು ಕ್ಲಬ್ಬಿನಲ್ಲಿ ನಮ್ಮ ಸಂಸ್ಕೃತಿ ಅಂತ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲ ಸಲ ಅಲ್ಲಿ ತಡವರಿಸದೆ ಮಾತಾಡಿದೆ.

ಮೂರು ಪ್ರಿಂಟ್ ಕಳಿಸಿದ್ದೇನೆ. ಶನ್ ದೂರವಾಯಿತು, ಒಂದೇ ಒಂದು ಹತ್ತಿರದ್ದು ತೆಗಿ. ಅಬಿಯ ಮೊಣಕಾಲು ಹೇಗಿದೆ?

ಯಾಂಗ್ಡೋಲ್

*

ಚುರ್ಮಾಕ್
ಫೆಬ್ರವರಿ 14, 2003

ನೋಮೋ,

ತಮಾಷೆ ಬೇಡ. ಕ್ಯಾಮೆರಾ ನಾನು ಯಾರ ಕೈಗೂ ಕೊಟ್ಟಿಲ್ಲ. ಅವರು ಮುಟ್ಟುವುದೂ ಇಲ್ಲ. ನಾನು ತೆಗೆದದ್ದು ಅವರನ್ನು. ನನ್ನ ಕಣ್ಣಲ್ಲಿ ನೋಡಿ, ನನ್ನ ಬೆರಳಲ್ಲಿ ಒತ್ತಿದ್ದೇನೆ. ಅವರ ಮುಖ ನನ್ನ ಹಾಗಿಲ್ಲ. ಆಗ ಇರಲಿಲ್ಲ.

ಪ್ರಿಂಟ್ ಅಬಿಗೆ ತೋರಿಸಿದೆ. ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದಳು.

"ಇದು ನೀನಲ್ಲ" ಅಂದಳು.

"ನಾನೇ ಅಬಿ" ಅಂದೆ. ಯಾಕೆ ಹಾಗಂದೆನೋ, ಜಗಳ ಬೇಡ ಅಂತಿರಬೇಕು.

"ಹಾಗಾದ್ರೆ ತಿರುಗು." ತಿರುಗಿದೆ. ತೇಪೆಯ ಮೇಲೆ ಅಂಗೈ ಇಟ್ಟು ಒತ್ತಿದಳು, ರೊಟ್ಟಿ ಬೆಂದಿದೆಯೇ ಅಂತ ನೋಡುವ ಹಾಗೆ. "ಇನ್ನು ಆ ಕಡೆ ಹೋಗ್ಬೇಡ ಮಗಾ" ಅಂದಳು. ಅಬಿ ನನ್ನನ್ನು ಮಗಾ ಅಂದದ್ದು ಅಮ್ಮ ಸತ್ತಾಗ ಮಾತ್ರ.

ಆದರೆ ನೋಮೋ, ಶನ್ ಕೂಗಲು ಶುರು ಮಾಡಿದೆ. ಜೋಡಿ ಹುಡುಕುವ ಕಾಲ. ಕಮರಿಯೆಲ್ಲ ಕೂಸು ಅತ್ತ ಹಾಗೆ ಕೇಳುತ್ತದೆ. ನಾಳೆ ಅದು ಕೆಳಗಿನ ಹಾಸುಬಂಡೆಗೇ ಬರುತ್ತದೆ ಅಂತ ಅವರು ಹೇಳಿದ್ದಾರೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಇದು ತಪ್ಪಿದರೆ ತಂಡದವರು ಬೇರೆ ಯಾರನ್ನೋ ಹಿಡಿಯುತ್ತಾರೆ, ನಾನು ಜಲ್ಲಿಗೆ ಹೋಗುತ್ತೇನೆ, ಅಬಿ ಒಬ್ಬಳಾಗುತ್ತಾಳೆ. ನಿನಗೂ ಮುಖ ಬೇಕು.

ನಾಳೆ ಒಂದು ದಿನ ಹೋಗುತ್ತೇನೆ. ಅವರಿಗೆ ನೇರವಾಗಿ ಕೇಳಿಬಿಡುತ್ತೇನೆ: "ಸ್ವಲ್ಪ ತಿರುಗಿ, ನೋಡೋಣ." ಬೆನ್ನಿದ್ದರೆ ಅಬಿಯ ಸಂಶಯ ತೀರುತ್ತದೆ, ನನ್ನ ಭಯವೂ ತೀರುತ್ತದೆ.

ಇದನ್ನು ಮಾಸ್ತರರ ಕೈಗೆ ಇವತ್ತೇ ಕೊಡುತ್ತಿದ್ದೇನೆ.

ಆಚೋ

*

ಚಂಡೀಗಢ
ಫೆಬ್ರವರಿ 26, 2003

ಆಚೋ, ತಿರುಗು ಅನ್ನಬೇಡ. ದಮ್ಮಯ್ಯ, ತಿರುಗು ಅನ್ನಬೇಡ.

ನಿನ್ನ ಕಾಗದ ಈಗ ಬಂತು. ನಿನ್ನ "ನಾಳೆ" ಕಳೆದು ಎಷ್ಟೋ ದಿನವಾಗಿದೆ ಅಂತ ಗೊತ್ತು. ಆದರೂ ಬರೆಯುತ್ತಿದ್ದೇನೆ, ನೀನು ಹೋಗಿರಲಿಕ್ಕಿಲ್ಲ, ಹಿಮ ಬಿದ್ದಿರಬಹುದು, ಅಬಿ ಬಾಗಿಲಿಗೆ ಅಡ್ಡ ಮಲಗಿರಬಹುದು.

ನನಗೆ ಎಲ್ಲ ನೆನಪಾಯಿತು. ಹಾಸ್ಟೆಲ್ಲಿಗೆ ಹೋಗುವ ಮುಂಚೆ ಅಬಿ ತೊಡೆ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದಳಲ್ಲ, ಬೆಟ್ಟದಲ್ಲಿ ಅಲೆಯುವ ತ್ಸನ್ ಭೂತದ ಕಥೆ. ಮುಂದಿನಿಂದ ಮನುಷ್ಯ, ಹಿಂದೆ ಬೆನ್ನೇ ಇಲ್ಲ, ಪೊಟರೆ ಬಿದ್ದ ಮರದ ಹಾಗೆ ಒಳಗಿನದೆಲ್ಲ ಕಾಣುತ್ತದೆ. ಅದಕ್ಕೇ ಅದು ಯಾರಿಗೂ ಬೆನ್ನು ತೋರಿಸುವುದಿಲ್ಲ. ಮೂಲೆಗೆ ಕೆಂಪು ಬಳಿದ ಮನೆಯೊಳಗೆ ಬರಲಾರದು. ಕೊನೆಗೆ ಅವಳು ದನಿ ತಗ್ಗಿಸುತ್ತಿದ್ದಳು: "ಅದರ ಬೆನ್ನು ನೋಡಿದವನು ಮನೆಗೆ ಬರಲ್ಲ. ಬರೋದು ಬೇರೆ." ಹಾಸ್ಟೆಲ್ಲಿನಲ್ಲಿ ಇದನ್ನು ಪಕ್ಕದ ಮಂಚದವಳಿಗೆ ಹೇಳಿದ್ದಕ್ಕೆ ವಾರ್ಡನ್ ನನ್ನನ್ನು ಮೊಣಕಾಲ ಮೇಲೆ ನಿಲ್ಲಿಸಿ "ಇದು ಮೂಢನಂಬಿಕೆ" ಅಂತ ಬಾಯಿಪಾಠ ಮಾಡಿಸಿದರು. ಎಷ್ಟು ಚೆನ್ನಾಗಿ ಕಲಿತೆ ನೋಡು, ನೀನು ಅದನ್ನೇ ಬರೆದು ಕಳಿಸಿದಾಗ ಚಪ್ಪಾಳೆ ತಟ್ಟಿಸಿಕೊಂಡೆ.

ನಾನೂ ನಿನಗೆ ನಿಜ ಬರೆದಿಲ್ಲ. ಓದು ಚೆನ್ನಾಗಿಲ್ಲ. ಅರ್ಧವಾರ್ಷಿಕದಲ್ಲಿ ಎರಡು ವಿಷಯ ಹೋಗಿವೆ. ಅಬಿ ಹೇಳಿದ್ದೇ ಸರಿ, ಹೆದರಿದ್ದೇನೆ. ಫೋಟೋ ಬೇಡ, ಪ್ರದರ್ಶನ ಬೇಡ. ನೀನು ಒಲೆ ಪಕ್ಕ ಕೂತು ನನ್ನನ್ನು ಆಡಿಕೊಂಡು ಬರೆ, ಸಾಕು.

ನೋಮೋ

*

ಚುರ್ಮಾಕ್
ಮಾರ್ಚ್ 10, 2003

ಪ್ರಿಯ ಯಾಂಗ್ಡೋಲ್,

ನಿನ್ನ ಪತ್ರ ತಲುಪಿತು. ಓದಿದೆ. ಚಿಂತೆಗೆ ಕಾರಣವಿಲ್ಲ.

ಇಲ್ಲಿ ಚಳಿ ಇಲ್ಲ. ಒಲೆ ಹಚ್ಚುವುದನ್ನು ಬಿಟ್ಟಿದ್ದೇನೆ. ಅಜ್ಜಿ ಸೋದರತ್ತೆಯ ಮನೆಗೆ ಹೋಗಿದ್ದಾರೆ. ನಾನು ಎದುರಿಗೆ ಕೂತರೆ ಅವರು ಊಟ ಮಾಡುತ್ತಿರಲಿಲ್ಲ. ಹೋಗುವಾಗ ಹಿಂದಹಿಂದಕ್ಕೆ ನಡೆದು ಹೋದರು. ಅದು ಒಳ್ಳೆಯ ಪದ್ಧತಿ.

ಮೂಲೆಗಳ ಕೆಂಪನ್ನು ಕೆರೆದು ತೆಗೆದಿದ್ದೇನೆ. ಈಗ ಒಳಗೆ ಬರಲು ಸಲೀಸಾಗಿದೆ. ತೊಲೆಯ ಮೇಲೆ ಹಿಟ್ಟಿನ ಮೇಕೆ ಇದೆ. ಯಾರು ಬರೆದರೋ, ಚೆನ್ನಾಗಿದೆ.

ಶನ್ ಈಗ ನನಗೆ ಹೆದರುವುದಿಲ್ಲ. ನೀನು ಮುಖ ಕೇಳಿದ್ದೆ. ರೋಲ್ ಕಳಿಸಿದ್ದೇನೆ. ಕ್ಯಾಮೆರಾ ಕೈಗೆ ಒಗ್ಗಿದೆ.

ಹಿಮ ಕರಗಿ ದಾರಿ ತೆರೆದ ಕೂಡಲೇ ನಿನ್ನನ್ನು ನೋಡಲು ಬರುತ್ತೇನೆ. ಹಾಸ್ಟೆಲ್ಲಿನ ಗೇಟಿನಲ್ಲಿ, ನಿನಗೆ ಎದುರಾಗಿಯೇ ನಿಲ್ಲುತ್ತೇನೆ. ಅಲ್ಲಿ ಗೋಡೆಗಳಿಗೆ ಯಾವ ಬಣ್ಣ?

ನುರ್ಬೂ

*

ಚಂಡೀಗಢ
ಮಾರ್ಚ್ 23, 2003

ಜುಲೇ.

ಇದನ್ನು ಯಾರಿಗೆ ಬರೆಯುತ್ತಿದ್ದೇನೆ ಅಂತ ಗೊತ್ತಿಲ್ಲದೆ ಹೆಸರು ಹಾಕಿಲ್ಲ. ಲಕೋಟೆಯ ಮೇಲೆ ಆಚೋನ ಹೆಸರಿದೆ. ಅಬಿಗೂ ಮಾಸ್ತರರ ಕೈಯಲ್ಲಿ ಬೇರೆ ಹೇಳಿಕಳಿಸಿದ್ದೇನೆ.

ರೋಲ್ ತೊಳೆಸಿದೆ. ಬನ್ಸಲ್ ಅಂಕಲ್ ಅಂಗಡಿಯವರನ್ನೆಲ್ಲ ಕರೆದು ತೋರಿಸಿದರು. ಶನ್‌ನ ಮೀಸೆಯ ಮೇಲಿನ ಮಂಜಿನ ಹರಳೂ ಕಾಣುತ್ತದೆ. ಅದು ಕ್ಯಾಮೆರಾ ಕಡೆ ನೋಡುತ್ತಿಲ್ಲ. ಅಲ್ಲಿ ಯಾರೂ ಇಲ್ಲ ಅನ್ನುವ ಹಾಗೆ ಕಾಲು ನೆಕ್ಕಿಕೊಳ್ಳುತ್ತಿದೆ. "ಇದಕ್ಕೆ ಪದಕ ಬರುತ್ತೆ ನೋಡು" ಅಂದರು ಅಂಕಲ್. ನಾನು ಕ್ಲಬ್ಬಿಗೆ ಕೊಟ್ಟಿಲ್ಲ.

ಕೊನೆಯ ಫೋಟೋದಲ್ಲಿ ಶನ್ ಇಲ್ಲ. ಕಮರಿ, ಹೊಸ ಹಿಮ, ಒಂದೇ ಸಾಲು ಹೆಜ್ಜೆ. ಆ ಸಾಲಿನ ತುದಿಯಲ್ಲಿ ಒಬ್ಬ ಮೇಲಕ್ಕೆ ನಡೆದು ಹೋಗುತ್ತಿದ್ದಾನೆ, ನಮಗೆ ಬೆನ್ನು ಹಾಕಿ. ಬೆನ್ನ ಮೇಲೆ ನೀಲಿ ತೇಪೆ. ನನ್ನ ಸ್ಕರ್ಟು ಅದು, ಬೇರೆ ಇರಲಾರದು. ಭೂತಗನ್ನಡಿ ಇಟ್ಟು ನೋಡಿದೆ. ಅವನ ಹೆಗಲ ಮೇಲಿಂದ ಉಸಿರಿನ ಹೊಗೆ ಏಳುತ್ತಿದೆ.

ಆ ಫೋಟೋ ತೆಗೆದವರು ಯಾರು?

ಬನ್ಸಲ್ ಅಂಕಲ್ ಕೈಯಲ್ಲಿ ಅದನ್ನೊಂದನ್ನು ದೊಡ್ಡದು ಮಾಡಿಸಿ, ಮಂಚದ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಜಸ್ಲೀನ್ "ಅಣ್ಣನ ಫೋಟೋ ಅಂತೀಯ, ಮುಖಾನೇ ಇಲ್ವಲ್ಲೇ" ಅಂತಾಳೆ. "ಮುಖ ಎಲ್ಲರಿಗೂ ಇರುತ್ತೆ" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಅವಳ ಕೆಂಪು ಉಗುರು ಬಣ್ಣ ಇಸಿದುಕೊಂಡು ಕಿಟಕಿಯ ಮೂಲೆಗೂ ಬಾಗಿಲಿನ ಮೂಲೆಗೂ ಬಳಿದಿದ್ದೇನೆ. ಇಲ್ಲಿನ ವಾರ್ಡನ್ ಏನು ಬಾಯಿಪಾಠ ಮಾಡಿಸಿದರೂ ಅಳಿಸುವುದಿಲ್ಲ. ನಮ್ಮ ಗೋಡೆಗಳ ಬಣ್ಣ ಇದು. ಕೇಳಿದ್ದಿರಲ್ಲ.

ದಾರಿ ತೆರೆಯುವ ದಿನ ಇಲ್ಲಿಂದ ಹೊರಡುವುದು ನಾನು. ನೀವು ಬರಬೇಡಿ. ಅಬಿಯ ಜೊತೆ ಕಮರಿ ಹತ್ತಿ, ಆ ಹೆಜ್ಜೆ ಎಲ್ಲಿಗೆ ಹೋಗಿದೆಯೋ ಅಲ್ಲಿವರೆಗೂ ಹೋಗುತ್ತೇನೆ. ಉಸಿರು ಹೊಗೆಯಾಡುತ್ತಿತ್ತು. ನಾನು ನೋಡಿದ್ದೇನೆ.

ಅಕಸ್ಮಾತ್ ಇದನ್ನು ಓದುತ್ತಿರುವವನು ನೀನೇ ಆಗಿದ್ದರೆ, ಆಚೋ, ಈ ಇಂಗ್ಲಿಷ್ ಮೇಡಮ್ಮಿಗೆ ತಲೆ ಕೆಟ್ಟಿದೆ ಅಂತ ನೀನು ನಗುತ್ತಿರಬೇಕು. ನಗು. ಬೈ. ನೋಮೋ ಅನ್ನು. ಆಮೇಲೆ ಅಬಿಯನ್ನು ಮನೆಗೆ ಕರೆಸು, ಕ್ಯಾಮೆರಾ ಅವಳ ಕೈಗೆ ಕೊಟ್ಟು ಬಿಸಿಲಿನಲ್ಲಿ ತಿರುಗಿ ನಿಲ್ಲು.

ನಿನ್ನ ಬೆನ್ನಿನ ಒಂದು ಫೋಟೋ ಕಳಿಸು. ಬೇಗ ಉತ್ತರ ಬರೆ.

ಯಾಂಗ್ಡೋಲ್